ಬಹುಕೋರ್ ಪ್ರೊಸೆಸರೂ ಕಂಪ್ಯೂಟರ್ ಆಟವೂ

ಸಂಘದ ಸಂಪಾದಕ ಮಂಡಳಿಯವರು ಈ ವರ್ಷದ ರಾಜ್ಯೋತ್ಸವ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಿಸಿದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ ನಾವು ಮೊದಲು ಹಿಂಜರಿದೆವು. ಕದಂಬರನ್ನೂ ಹೊಯ್ಸಳರನ್ನೂ ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ನಾವಾದರೋ ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನ ಗುಮಾಸ್ತಿಕೆಯಲ್ಲಿ ದಿನ ಕಳೆಯುವವರು. ಆದರೆ ಯಂತ್ರಗಳಿಗೂ ಒಂದು ಇತಿಹಾಸವುಂಟು, ಆ ಇತಿಹಾಸದಲ್ಲಿ ಬೆಂಗಳೂರಿಗೂ ಪಾಲುಂಟು, ಮತ್ತು ಅದನ್ನು ತಿಳಿಯದೆ ಹೋದುದರಿಂದ ನಮ್ಮ ಮನೆತನಕ್ಕೆ ಹಣ ನಷ್ಟವೂ ಆಗಿದೆ. ಆದುದರಿಂದ ಆ ವಿಷಯವನ್ನೇ ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇವೆ.

ನಡೆದ ಸಂಗತಿ ಇಷ್ಟು. ಡೊಂಬಿವಲಿಯಲ್ಲಿರುವ ನಮ್ಮ ಅಣ್ಣನ ಮಗ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದಾಗ ಅವನಿಗೊಂದು ಕಂಪ್ಯೂಟರ್ ಕೊಡಿಸುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಹುಡುಗ ಬಚ್ಚಿಡದೆ ಹೇಳಿದ: ಪಾಠಕ್ಕೂ ಬೇಕು, ಆಟಕ್ಕೂ ಬೇಕು. ಅಣ್ಣ ಚಿಕ್ಕದೊಂದು ಕಾಗದ ಪುಸ್ತಕಗಳ ಅಂಗಡಿ ನಡೆಸುವವರು. ತಿಂಗಳು ತಿಂಗಳೂ ಕಟ್ಟುತ್ತಿದ್ದ ಆವರ್ತ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಿದರು. ಮುರಿಸುವ ಅರ್ಜಿಯನ್ನು ತುಂಬಿದವರು ನಾವೇ. ಬ್ಯಾಂಕಿನಲ್ಲಿ ಇಡೀ ದಿನ ಕಂಪ್ಯೂಟರಿನ ಮುಂದೆ ಕೂಡುವವನಿಗೆ ಅದರ ಮರ್ಮ ತಿಳಿದಿರಬೇಕೆಂಬ ನಂಬಿಕೆಯಿಂದ ಆಯ್ಕೆಯನ್ನೂ ನಮಗೇ ಬಿಟ್ಟರು. ಅಂಗಡಿಯಲ್ಲಿ ಎಂಟು ಕೋರಿನ ಪ್ರೊಸೆಸರೂ ಇತ್ತು, ಹದಿನಾರು ಕೋರಿನದೂ ಇತ್ತು. ಎಂಟಕ್ಕಿಂತ ಹದಿನಾರು ದೊಡ್ಡದೆಂಬ ಲೆಕ್ಕ ನಮಗೆ ಚೆನ್ನಾಗಿ ಬರುತ್ತಿತ್ತು. ಹದಿನಾರರದನ್ನೇ ಕೊಂಡೆವು, ಹೆಚ್ಚಾದ ಹಣವನ್ನು ಸರಿದೂಗಿಸಲು ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಲು ಕೆಳಗಿನದನ್ನು ಆರಿಸಿದೆವು. ಹುಡುಗ ಮೆಲ್ಲಗೆ, "ಚಿಕ್ಕಪ್ಪ, ಕಾರ್ಡು ದೊಡ್ಡದಿರಲಿ ಅಂತ ಎಲ್ಲರೂ ಹೇಳ್ತಾರೆ" ಎಂದ. ನಾವು ಅವನ ಬಾಯಿ ಮುಚ್ಚಿಸಿದೆವು.

ಯಂತ್ರ ಮನೆಗೆ ಬಂದಿತು. ಆಟ ತಡವರಿಸುತ್ತಲೇ ಇತ್ತು. ಅದೇ ಕಟ್ಟಡದಲ್ಲಿ ಅವನ ಗೆಳೆಯನ ಎಂಟು ಕೋರಿನ ಯಂತ್ರದಲ್ಲಿ ಅದೇ ಆಟ ನೀರಿನಂತೆ ಹರಿಯುತ್ತಿತ್ತು. ಹುಡುಗ ದೂರು ಹೇಳಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು. ಕೋರುಗಳು ಹೆಚ್ಚಾದರೆ ಆಟ ಸುಧಾರಿಸುವುದೆ, ಇಲ್ಲವೆ? ಈ ಪ್ರಶ್ನೆಯನ್ನು ಹಿಡಿದು ರಾತ್ರಿಯ ಹೊತ್ತು ಓದಿ ನಾವು ತಿಳಿದುಕೊಂಡುದನ್ನು ಇಲ್ಲಿ ಒಪ್ಪಿಸುತ್ತೇವೆ.

ಮೊದಲು ಎರಡು ಶಬ್ದಗಳ ಅರ್ಥ. ಪ್ರೊಸೆಸರೆಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಭಾಗ. ಅದರೊಳಗೆ ತಾನೇ ಸ್ವತಂತ್ರವಾಗಿ ಆಜ್ಞೆಗಳನ್ನು ಓದಿ ನಡೆಸಬಲ್ಲ ಒಂದೊಂದು ಘಟಕಕ್ಕೂ ಕೋರ್ ಎಂದು ಹೆಸರು. ತಿರುಳು ಎಂಬ ಕನ್ನಡ ಪದ ಇದೆಯಾದರೂ ಅಂಗಡಿಯಲ್ಲಿ ತಿರುಳು ಕೇಳಿದರೆ ಹಣ್ಣಿನ ಅಂಗಡಿಗೆ ದಾರಿ ತೋರಿಸುವರಾದುದರಿಂದ ಕೋರ್ ಎಂದೇ ಬರೆಯುತ್ತೇವೆ. ಒಂದು ಕೋರೆಂದರೆ ಒಬ್ಬ ಗುಮಾಸ್ತನೆಂದು ವಾಚಕರು ಭಾವಿಸಬಹುದು. ಇನ್ನು ಆಟದ ಸಾಮರ್ಥ್ಯವೆಂದರೆ ಒಂದು ಸೆಕೆಂಡಿಗೆ ಯಂತ್ರ ಎಷ್ಟು ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುವುದೆಂಬುದು. ಸೆಕೆಂಡಿಗೆ ೬೦ ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೂ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು. ಅಷ್ಟರೊಳಗೆ ಆಡುವವನ ಕೈಯ ಸೂಚನೆಯನ್ನು ಓದಬೇಕು, ಆಟದ ಲೋಕವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಬೇಕು, ಶತ್ರುಗಳ ಬುದ್ಧಿಯನ್ನು ಲೆಕ್ಕ ಹಾಕಬೇಕು, ಏನೇನು ಬರೆಯಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಕು. ಒಂದು ಚಿತ್ರ ತಡವಾದರೂ ಕಣ್ಣು ಅದನ್ನು ಗುರುತಿಸಿಬಿಡುತ್ತದೆ.

ಈಗ ಇತಿಹಾಸಕ್ಕೆ ಬರೋಣ. ಬಹುಕಾಲ ಪ್ರೊಸೆಸರಿನಲ್ಲಿ ಗುಮಾಸ್ತ ಒಬ್ಬನೇ ಇದ್ದ, ವರ್ಷ ವರ್ಷಕ್ಕೂ ಅವನ ಕೈ ಚುರುಕಾಗುತ್ತಿತ್ತು. ಚಿಪ್ಪಿನ ಮೇಲೆ ಕೂರಿಸಬಹುದಾದ ಭಾಗಗಳ ಸಂಖ್ಯೆ ಕ್ರಮವಾಗಿ ಇಮ್ಮಡಿಯಾಗುತ್ತ ಹೋಗುವುದೆಂದು ಗಾರ್ಡನ್ ಮೂರ್ ೧೯೬೫ರಲ್ಲಿ ಬರೆದರು. ಭಾಗಗಳು ಕಿರಿದಾದಷ್ಟೂ ಅವಕ್ಕೆ ಬೇಕಾದ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಇಳಿಯುವುದೆಂದು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಮತ್ತು ಅವರ ಸಂಗಡಿಗರು ೧೯೭೪ರಲ್ಲಿ ತೋರಿಸಿಕೊಟ್ಟರು. ಈ ಎರಡು ಅನುಕೂಲಗಳಿಂದ ಗಡಿಯಾರದ ವೇಗ ಏರುತ್ತ ಬಂದಿತು. ೨೦೦೦ದ ನವೆಂಬರಿನಲ್ಲಿ ಇಂಟೆಲ್ ಸಂಸ್ಥೆ ಪೆಂಟಿಯಂ ೪ನ್ನು ಹೊರತಂದಾಗ ಅದರ ವೇಗ ೧.೫ ಗಿಗಾಹರ್ಟ್ಸ್, ೨೦೦೪ರ ನವೆಂಬರಿನ ಹೊತ್ತಿಗೆ ಅದು ೩.೮ಕ್ಕೆ ಮುಟ್ಟಿತ್ತು. ಆಟ ಬರೆಯುವವರಿಗೆ ಇದೊಂದು ಸುಭಿಕ್ಷಕಾಲ. ಇಂದು ತಡವರಿಸುವ ಆಟ ನಾಳೆ ಬರುವ ಯಂತ್ರದಲ್ಲಿ ತಾನಾಗಿಯೇ ಓಡುತ್ತಿತ್ತು. ಅದಕ್ಕಾಗಿ ಅವರು ಒಂದು ಸಾಲನ್ನೂ ತಿದ್ದಬೇಕಾಗಿರಲಿಲ್ಲ.

ಸುಭಿಕ್ಷ ಮುಗಿದದ್ದು ಶಾಖದಿಂದ. ಭಾಗಗಳು ತೀರ ಕಿರಿದಾದಾಗ ವಿದ್ಯುತ್ತು ಒಳಗೊಳಗೇ ಸೋರತೊಡಗಿತು. ವೋಲ್ಟೇಜನ್ನು ಹಿಂದಿನಂತೆ ಇಳಿಸುವುದು ಅಸಾಧ್ಯವಾಯಿತು. ವೇಗ ಹೆಚ್ಚಿಸಿದರೆ ಚಿಪ್ಪು ಒಲೆಯಾಗುತ್ತಿತ್ತು. ಹೇಳಿಕೊಂಡಿದ್ದ ೪ ಗಿಗಾಹರ್ಟ್ಸ್ ಪೆಂಟಿಯಂ ೪ನ್ನು ಇಂಟೆಲ್ ೨೦೦೪ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಅದೇ ತಿಂಗಳ ಒಂದು ಸಭೆಯಲ್ಲಿ ಸಂಸ್ಥೆಯ ಮುಖ್ಯಾಧಿಕಾರಿ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ವಿನೋದಕ್ಕಾಗಿ ಮಂಡಿಯೂರಿ ಕ್ಷಮೆ ಬೇಡಿದರು. ಒಬ್ಬ ಗುಮಾಸ್ತನ ಕೈಯನ್ನು ಇನ್ನು ಚುರುಕುಗೊಳಿಸಲಾಗದೆಂದ ಮೇಲೆ ಇನ್ನೊಬ್ಬ ಗುಮಾಸ್ತನನ್ನು ಪಕ್ಕದಲ್ಲಿ ಕೂರಿಸುವುದೇ ಉಳಿದ ದಾರಿ. ಐಬಿಎಂ ತನ್ನ ದೊಡ್ಡ ಯಂತ್ರಗಳಿಗಾಗಿ ಒಂದೇ ಚಿಪ್ಪಿನಲ್ಲಿ ಎರಡು ಕೋರುಗಳಿದ್ದ ಪವರ್ ೪ನ್ನು ೨೦೦೧ರಲ್ಲಿಯೇ ತಂದಿತ್ತು. ೨೦೦೫ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳೆರಡೂ ಮನೆಬಳಕೆಯ ಯಂತ್ರಗಳಿಗೂ ಎರಡು ಕೋರಿನ ಪ್ರೊಸೆಸರುಗಳನ್ನು ಮಾರಾಟಕ್ಕಿಟ್ಟವು. ಆ ವರ್ಷವೇ ಹರ್ಬ್ ಸಟ್ಟರ್ ಎಂಬ ಪ್ರೋಗ್ರಾಂ ತಜ್ಞರು ಪುಕ್ಕಟೆ ಊಟ ಮುಗಿಯಿತೆಂಬ ಅರ್ಥದ ಶಿರೋನಾಮೆಯಲ್ಲಿ ಲೇಖನ ಬರೆದು, ಇನ್ನು ಮುಂದೆ ಪ್ರೋಗ್ರಾಂ ಬರೆಯುವವರೇ ಕೆಲಸವನ್ನು ಹಂಚಿಕೊಡಬೇಕಾಗುವುದೆಂದು ಎಚ್ಚರಿಸಿದರು.

ಹಲವು ಕೈಗಳಿಂದ ಲೆಕ್ಕ ಮಾಡಿಸುವ ವಿದ್ಯೆ ಮಾತ್ರ ೨೦೦೫ರಲ್ಲಿ ಹುಟ್ಟಿದುದಲ್ಲ. ನಮ್ಮ ನಾಡಿನವರು ಅದನ್ನು ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಕೈಗೆತ್ತಿಕೊಂಡಿದ್ದರೆಂಬುದನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಬೆಂಗಳೂರಿನ ಎನ್.ಎ.ಎಲ್. ವಿಮಾನ ಸಂಶೋಧನಾಲಯದಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲ. ಗಾಳಿಯ ಹರಿವನ್ನು ಲೆಕ್ಕ ಹಾಕಲು ಭಾರಿ ಕಂಪ್ಯೂಟರು ಬೇಕು. ಅಂಥದು ಹೊರದೇಶದಿಂದ ಬರುವುದು ದುಸ್ತರ. ಆಗ ಯು. ಎನ್. ಸಿನ್ಹಾ ಮತ್ತು ಅವರ ಸಂಗಡಿಗರು ಪೇಟೆಯಲ್ಲಿ ಸಿಕ್ಕುತ್ತಿದ್ದ ಸಾಧಾರಣ ಇಂಟೆಲ್ ೮೦೮೬ ಪ್ರೊಸೆಸರುಗಳನ್ನು ನಾಲ್ಕು ಜೋಡಿಸಿ, ಒಂದೇ ಲೆಕ್ಕವನ್ನು ನಾಲ್ಕೂ ಹಂಚಿಕೊಂಡು ಮಾಡುವಂತೆ ಫ್ಲೋಸಾಲ್ವರ್ ಎಂಬ ಯಂತ್ರವನ್ನು ೧೯೮೬ರಲ್ಲಿ ಕಟ್ಟಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರೆಂದು ಅದನ್ನು ಪರಿಗಣಿಸಲಾಗಿದೆ. ಅನಂತರ ಪುಣೆಯಲ್ಲಿ ೧೯೮೮ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ೧೯೯೧ರಲ್ಲಿ ಪರಮ್ ೮೦೦೦ವನ್ನು ಹೊರತಂದಿತು. ನವಿ ಮುಂಬಯಿಯ ವಾಶಿಯಿಂದ ಖಾಡಿಯಾಚೆಗೆ ಕಾಣುವ ಟ್ರಾಂಬೆಯ ಅಣುಸಂಶೋಧನಾ ಕೇಂದ್ರದಲ್ಲಿಯೂ ೧೯೯೦ರ ದಶಕದ ಆರಂಭದಲ್ಲಿ ಅನುಪಮ್ ಎಂಬ ಇಂಥದೇ ಯಂತ್ರ ಸಿದ್ಧವಾಯಿತು. ಪ್ರತಿದಿನ ರೈಲಿನಲ್ಲಿ ಆ ಖಾಡಿಯನ್ನು ದಾಟುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೊ!

ಈ ಯಂತ್ರಗಳು ಗೆದ್ದುದಕ್ಕೆ ಕಾರಣ ಅವುಗಳಿಗೆ ಒಪ್ಪಿಸಿದ ಕೆಲಸದ ಸ್ವಭಾವ. ಆಕಾಶವನ್ನು ಚೌಕ ಚೌಕವಾಗಿ ವಿಭಾಗಿಸಿ ನಾಲ್ವರಿಗೆ ಹಂಚಬಹುದು. ಒಬ್ಬೊಬ್ಬನೂ ತನ್ನ ಪಾಲಿನ ಗಾಳಿಯ ಲೆಕ್ಕ ಮಾಡಿ, ಅಂಚಿನಲ್ಲಿ ಬಂದ ಅಂಕಿಗಳನ್ನು ಮಾತ್ರ ನೆರೆಯವನಿಗೆ ಹೇಳಿದರೆ ಸಾಕು. ಹಂಚಲು ಬರುವ ಕೆಲಸವಿದ್ದಲ್ಲಿ ಕೈಗಳು ಹೆಚ್ಚಿದಷ್ಟೂ ಲಾಭ.

ಹಂಚಲು ಬಾರದ ಕೆಲಸವಿದ್ದರೆ? ಈ ಪ್ರಶ್ನೆಗೆ ಐಬಿಎಂ ಸಂಸ್ಥೆಯ ಜೀನ್ ಆಮ್ಡಾಲ್ ೧೯೬೭ರಲ್ಲಿಯೇ ಉತ್ತರ ಹೇಳಿದ್ದರು. ಅವರ ಮಾತನ್ನು ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇವೆ. ಲೆಡ್ಜರುಗಳ ಕಾಲದ ಒಂದು ಶಾಖೆಯಲ್ಲಿ ಸಂಜೆಯ ಲೆಕ್ಕ ಮುಗಿಸಲು ಒಬ್ಬ ಗುಮಾಸ್ತನಿಗೆ ೧೦೦ ನಿಮಿಷ ಬೇಕೆಂದಿಟ್ಟುಕೊಳ್ಳಿ. ಅದರಲ್ಲಿ ೬೦ ನಿಮಿಷ ವೋಚರುಗಳನ್ನು ವಿಂಗಡಿಸಿ ಕೂಡುವ ಕೆಲಸ. ಇದನ್ನು ಎಷ್ಟು ಮಂದಿಯಾದರೂ ಹಂಚಿಕೊಳ್ಳಬಹುದು. ಉಳಿದ ೪೦ ನಿಮಿಷ ನಗದನ್ನು ತಾಳೆ ನೋಡಿ, ಒಟ್ಟು ಮೊತ್ತ ಬರೆದು, ಅಧಿಕಾರಿಯ ರುಜು ಪಡೆದು, ಎರಡು ಬೀಗದ ಕೈಗಳಿಂದ ತಿಜೋರಿ ಮುಚ್ಚುವ ಕೆಲಸ. ಇದು ಒಂದಾದ ಮೇಲೊಂದರಂತೆಯೇ ಆಗಬೇಕು. ಈಗ ಗುಮಾಸ್ತರನ್ನು ಹೆಚ್ಚಿಸೋಣ. ಇಬ್ಬರಾದರೆ ೪೦ಕ್ಕೆ ೩೦ ಸೇರಿ ೭೦ ನಿಮಿಷ. ನಾಲ್ವರಾದರೆ ೫೫. ಎಂಟು ಮಂದಿಯಾದರೆ ನಲವತ್ತೇಳೂವರೆ. ಹದಿನಾರು ಮಂದಿಯಾದರೆ ನಲವತ್ತಮೂರೂ ಮುಕ್ಕಾಲು. ಸಾವಿರ ಮಂದಿಯನ್ನು ಕರೆತಂದರೂ ನಲವತ್ತಕ್ಕಿಂತ ಕೆಳಗೆ ಇಳಿಯದು. ಎಂಟರಿಂದ ಹದಿನಾರಕ್ಕೆ ಹೋದಾಗ ಸಂಬಳ ಇಮ್ಮಡಿಯಾಯಿತು, ಉಳಿದ ಕಾಲ ನಾಲ್ಕು ನಿಮಿಷವೂ ಇಲ್ಲ. ಈ ಅಂಕಿಗಳು ನಾವು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಲೆಕ್ಕದ ರೀತಿ ಮಾತ್ರ ಆಮ್ಡಾಲರದು. ಅಂಗಡಿಗೆ ಹೋಗುವ ಮುಂಚೆ ನಾವು ಈ ನಾಲ್ಕು ಸಾಲಿನ ಲೆಕ್ಕವನ್ನು ಮಾಡಿದ್ದರೆ ಅಣ್ಣನ ಠೇವಣಿಯ ಒಂದು ಭಾಗ ಉಳಿಯುತ್ತಿತ್ತು.

ಇದಕ್ಕೊಂದು ಪ್ರತಿವಾದವೂ ಉಂಟು. ಕೈಗಳು ಹೆಚ್ಚಾದಾಗ ಜನರು ಅದೇ ಹಳೆಯ ಕೆಲಸವನ್ನು ಇಟ್ಟುಕೊಂಡು ಕೂರುವುದಿಲ್ಲ, ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕುತ್ತಾರೆ ಎಂದು ಜಾನ್ ಗುಸ್ತಾಫ್‌ಸನ್ ೧೯೮೮ರಲ್ಲಿ ಹೇಳಿದರು. ಹವಾಮಾನದ ಲೆಕ್ಕದಲ್ಲಿ ಅದು ನಿಜ. ಆಟಗಳಲ್ಲಿಯೂ ಕೊಂಚಮಟ್ಟಿಗೆ ನಿಜ. ಹತ್ತು ಮಂದಿಯ ಬೀದಿಯಲ್ಲಿ ಐನೂರು ಮಂದಿಯನ್ನು ನಡೆದಾಡಿಸುವುದು ಹೆಚ್ಚಿನ ಕೋರುಗಳಿಂದ ಸಾಧ್ಯವಾಗುತ್ತದೆ. ಆದರೆ ಹಾಗೆ ದೊಡ್ಡದಾಗಿ ಬರೆದ ಆಟವಿದ್ದರೆ ತಾನೆ ಆ ಲಾಭ!

ಇಲ್ಲಿ ಮತ್ತೆ ಬೆಂಗಳೂರಿನ ಕಥೆ ಬರುತ್ತದೆ. ಅಲ್ಲಿಯ ಇಂಟೆಲ್ ಕೇಂದ್ರದ ಎಂಜಿನಿಯರರು ನಾಲ್ಕು ಕೋರುಗಳ ಒಂದು ಪ್ರೊಸೆಸರನ್ನು ರಚಿಸತೊಡಗಿದ್ದರು. ಅದಕ್ಕಿಟ್ಟ ಗುಪ್ತನಾಮ ವೈಟ್‌ಫೀಲ್ಡ್. ಬೆಂಗಳೂರಿನ ಪೂರ್ವಕ್ಕಿರುವ ಬಡಾವಣೆಯ ಹೆಸರೇ ಅದು. ೨೦೦೫ರಲ್ಲಿ ಆ ಯೋಜನೆಯನ್ನು ಸಂಸ್ಥೆ ರದ್ದುಗೊಳಿಸಿತು. ಆದರೂ ಆ ಕೇಂದ್ರ ಕೈಚೆಲ್ಲಿ ಕೂರಲಿಲ್ಲ. ಡನ್ನಿಂಗ್‌ಟನ್ ಎಂಬ ಗುಪ್ತನಾಮದ, ಆರು ಕೋರುಗಳ, ೧೯೦ ಕೋಟಿ ಟ್ರಾನ್ಸಿಸ್ಟರುಗಳ ಕ್ಸಿಯಾನ್ ೭೪೦೦ ಪ್ರೊಸೆಸರನ್ನು ಬೆಂಗಳೂರಿನಲ್ಲಿ ರಚಿಸಿ ೨೦೦೮ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ಕೊಟ್ಟರು. ಒಂದು ಯೋಜನೆ ಮುರಿದುಬಿದ್ದ ಮೂರೇ ವರ್ಷಗಳಲ್ಲಿ ಬಂದ ಈ ಸಿದ್ಧಿ ಕನ್ನಡನಾಡಿನ ಇತಿಹಾಸದಲ್ಲಿ ಒಂದು ಸಾಲಿಗಾದರೂ ಅರ್ಹವೆಂದು ನಾವು ತಿಳಿಯುತ್ತೇವೆ.

ಆ ಆರು ಕೋರಿನ ಚಿಪ್ಪು ಆಟದ ಯಂತ್ರಕ್ಕಾಗಿ ಹುಟ್ಟಿದುದಲ್ಲ. ಸರ್ವರುಗಳಿಗಾಗಿ, ಎಂದರೆ ಬ್ಯಾಂಕು, ರೈಲು ಟಿಕೆಟು, ವ್ಯಾಪಾರ ಮುಂತಾದ ದೊಡ್ಡ ವಹಿವಾಟುಗಳ ಯಂತ್ರಗಳಿಗಾಗಿ ಹುಟ್ಟಿದುದು. ಏಕೆಂಬುದನ್ನು ನಮ್ಮ ರೈಲುಮಾರ್ಗವೇ ತಿಳಿಸಿಕೊಡುತ್ತದೆ. ಠಾಣೆಗೂ ದಿವಾಕ್ಕೂ ನಡುವಣ ಐದನೆಯ ಮತ್ತು ಆರನೆಯ ಹಳಿಗಳು ೨೦೨೨ರ ಫೆಬ್ರವರಿಯಲ್ಲಿ ತೆರೆದವು. ಹಳಿಗಳು ಹೆಚ್ಚಾದುದರಿಂದ ದೂರದೂರಿನ ಗಾಡಿಗಳು ಬೇರೆಯಾಗಿ ಓಡಲು ದಾರಿಯಾಯಿತು. ಒಟ್ಟು ಗಾಡಿಗಳನ್ನು ಹೆಚ್ಚಿಸಲೂ ಅನುಕೂಲವಾಯಿತು. ಆದರೆ ತೆರವಾದ ಹಳಿಯ ಮೇಲೆ ಡೊಂಬಿವಲಿಯಿಂದ ಹೊರಟ ಒಂದು ಗಾಡಿ, ಪಕ್ಕದಲ್ಲಿ ಇನ್ನೂ ಹತ್ತು ಹಳಿಗಳಿದ್ದ ಮಾತ್ರಕ್ಕೆ ಠಾಣೆಯನ್ನು ಬೇಗ ಮುಟ್ಟುವುದಿಲ್ಲ. ಒಂದು ಗಾಡಿ ಆರು ಹಳಿಗಳ ಮೇಲೆ ಓಡಲಾರದು. ಬ್ಯಾಂಕಿನ ಸರ್ವರಿಗೆ ಬರುವ ಕೆಲಸ ಬೇರೆ ಬೇರೆ ಗಾಡಿಗಳಂತೆ. ಕಲ್ಯಾಣದ ಗ್ರಾಹಕನು ತನ್ನ ಬಾಕಿ ಎಷ್ಟೆಂದು ಕೇಳುವುದಕ್ಕೂ ನೆರೂಳಿನ ಗ್ರಾಹಕಳು ಹಣ ಕಳಿಸುವುದಕ್ಕೂ ಸಂಬಂಧವಿಲ್ಲ. ಒಂದೊಂದನ್ನು ಒಂದೊಂದು ಕೋರಿಗೆ ಕೊಟ್ಟರಾಯಿತು. ಆಟವಾದರೋ ಒಂದೇ ಗಾಡಿ. ಗುಂಡು ಹಾರಿದ ಮೇಲೆ ಶತ್ರು ಬೀಳಬೇಕು, ಬಿದ್ದ ಮೇಲೆ ಬಾಗಿಲು ತೆರೆಯಬೇಕು, ತೆರೆದ ಮೇಲೆ ಒಳಗಿನದನ್ನು ಚಿತ್ರಿಸಬೇಕು. ಹಿಂದಿನದು ಮುಗಿಯದೆ ಮುಂದಿನದನ್ನು ಯಾರ ಕೈಗೂ ಕೊಡುವಂತಿಲ್ಲ.

ಎಲ್ಲ ಆಟಗಳೂ ಹೀಗೆಯೇ ಎಂದರೆ ತಪ್ಪಾದೀತು. ಚದುರಂಗವನ್ನು ನೋಡಿ. ಈ ನಡೆ ನಡೆಸಿದರೆ ಏನಾದೀತು, ಆ ನಡೆ ನಡೆಸಿದರೆ ಏನಾದೀತು ಎಂದು ಬೇರೆ ಬೇರೆ ಕೈಗಳು ಏಕಕಾಲದಲ್ಲಿ ಶೋಧಿಸಬಹುದು. ೧೯೯೭ರ ಮೇ ತಿಂಗಳಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರದಲ್ಲಿ ೩೦ ಪ್ರೊಸೆಸರುಗಳೂ ಚದುರಂಗಕ್ಕೆಂದೇ ಮಾಡಿಸಿದ ೪೮೦ ಚಿಪ್ಪುಗಳೂ ಇದ್ದವು. ಇನ್ನು ಓಟದ, ಕಾಳಗದ ಆಟಗಳಲ್ಲಿಯೂ ಒಂದು ಭಾಗ ಮಾತ್ರ ಹಂಚಲು ಅತ್ಯಂತ ಯೋಗ್ಯವಾದುದು: ಚಿತ್ರ ಬರೆಯುವ ಭಾಗ. ೧೯೨೦ ಅಡ್ಡ, ೧೦೮೦ ಉದ್ದದ ಪರದೆಯಲ್ಲಿ ೨೦,೭೩,೬೦೦ ಚುಕ್ಕೆಗಳಿವೆ. ಒಂದು ಚುಕ್ಕೆಯ ಬಣ್ಣಕ್ಕಾಗಿ ಇನ್ನೊಂದು ಬಹುಮಟ್ಟಿಗೆ ಕಾಯಬೇಕಾಗಿಲ್ಲ. ಈ ಕೆಲಸ ಪ್ರೊಸೆಸರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ವರ್ಗವಾಗಿ ಎಷ್ಟೋ ವರ್ಷಗಳಾದವು. ೨೦೦೬ರ ನವೆಂಬರಿನಲ್ಲಿ ಬಂದ ಎನ್‌ವಿಡಿಯಾ ೮೮೦೦ ಜಿಟಿಎಕ್ಸ್ ಕಾರ್ಡಿನಲ್ಲಿಯೇ ೧೨೮ ಪುಟ್ಟ ಲೆಕ್ಕಿಗರಿದ್ದರು. ಇಂದಿನ ಕಾರ್ಡುಗಳಲ್ಲಿ ಅವರ ಸಂಖ್ಯೆ ಸಾವಿರಗಳಲ್ಲಿದೆ. ಹಲವು ಕೈಗಳ ತತ್ತ್ವ ಆಟದಲ್ಲಿ ಪೂರ್ಣವಾಗಿ ಗೆದ್ದುದು ಆ ಕಾರ್ಡಿನೊಳಗೆ. ನಾವು ಹಣ ಉಳಿಸಿದ್ದು ಅದರ ಮೇಲೆಯೇ!

ಪ್ರೊಸೆಸರಿನ ಕೋರುಗಳ ವಿಷಯದಲ್ಲಿ ಆಟಗಳು ನಡೆದುಬಂದ ದಾರಿಯನ್ನು ಈಗ ನೋಡಬಹುದು. ಎರಡು ಪ್ರೊಸೆಸರುಗಳನ್ನು ಬಳಸಿಕೊಳ್ಳುವ ಅನುಕೂಲ ೧೯೯೯ರ ಕ್ವೇಕ್ ೩ ಆಟದಲ್ಲಿಯೇ ಇತ್ತು. ಆದರೆ ಅಂಥ ಯಂತ್ರ ಮನೆಗಳಲ್ಲಿ ವಿರಳ. ೨೦೦೫ರಲ್ಲಿ ಎರಡು ಕೋರುಗಳು ಬಂದಾಗ ಬಹುಪಾಲು ಆಟಗಳು ಒಂದನ್ನೇ ದುಡಿಸಿ ಇನ್ನೊಂದನ್ನು ಸುಮ್ಮನೆ ಕೂರಿಸಿದವು. ದಾರಿ ಬದಲಿಸಿದವು ಆಟಕ್ಕೆಂದೇ ಮಾಡಿದ ಪೆಟ್ಟಿಗೆಗಳು. ೨೦೦೫ರ ನವೆಂಬರಿನ ಎಕ್ಸ್‌ಬಾಕ್ಸ್ ೩೬೦ರಲ್ಲಿ ಮೂರು ಕೋರುಗಳು; ೨೦೦೬ರ ನವೆಂಬರಿನ ಪ್ಲೇಸ್ಟೇಷನ್ ೩ರಲ್ಲಿ ಒಬ್ಬ ಯಜಮಾನ, ಏಳು ಮಂದಿ ಸಹಾಯಕರು. ಹಂಚಿಕೊಡದಿದ್ದರೆ ಆಟವೇ ಓಡದೆಂಬ ಸ್ಥಿತಿ ಬಂದುದರಿಂದ ಬರೆಯುವವರು ಹಂಚಲು ಕಲಿತರು. ಕಲಿಯಲು ತಡವಾದವರ ಕಥೆಯೂ ಇದೆ. ೨೦೦೭ರಲ್ಲಿ ಬಂದ ಕ್ರೈಸಿಸ್ ಎಂಬ ಆಟ ಗಡಿಯಾರದ ವೇಗ ಇನ್ನೂ ಏರುವುದೆಂಬ ನಿರೀಕ್ಷೆಯಲ್ಲಿ ರಚಿತವಾದುದು. ಅದರ ಭಾರದ ಬಹುಪಾಲು ಒಂದೇ ಕೋರಿನ ತಲೆಯ ಮೇಲೆ ಬೀಳುತ್ತಿತ್ತು. ೨೦೨೦ರಲ್ಲಿ ಅದನ್ನು ಹೊಸದಾಗಿ ಹೊರತಂದಾಗಲೂ ಆ ದೋಷ ಪೂರ್ತಿ ತೊಲಗಿರಲಿಲ್ಲ.

೨೦೧೩ರ ಪ್ಲೇಸ್ಟೇಷನ್ ೪ರಲ್ಲಿ ಎಂಟು ಕೋರುಗಳಿದ್ದವು, ಆದರೆ ಒಂದೊಂದೂ ೧.೬ ಗಿಗಾಹರ್ಟ್ಸಿನ ಮಂದಗತಿಯದು. ನಾಟಿ ಡಾಗ್ ಎಂಬ ಆಟಗಾರಿಕೆಯ ಸಂಸ್ಥೆ ತನ್ನ ದಿ ಲಾಸ್ಟ್ ಆಫ್ ಅಸ್ ಆಟವನ್ನು ೨೦೧೪ರಲ್ಲಿ ಆ ಪೆಟ್ಟಿಗೆಗೆ ತಂದು ಸೆಕೆಂಡಿಗೆ ೩೦ ಇದ್ದ ಚಿತ್ರಗಳನ್ನು ೬೦ ಮಾಡಬೇಕಾಗಿ ಬಂದಿತು. ಅವರು ಇಡೀ ಕೆಲಸವನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ, ಬಿಡುವಾದ ಕೋರು ಮುಂದಿನ ತುಣುಕನ್ನು ಎತ್ತಿಕೊಳ್ಳುವಂತೆ ಏರ್ಪಡಿಸಿದರು. ಅಲ್ಲದೆ, ಒಂದು ಚಿತ್ರವನ್ನು ಕಾರ್ಡು ಬರೆಯುತ್ತಿರುವಾಗ ಮುಂದಿನ ಚಿತ್ರದ ಪಟ್ಟಿಯನ್ನೂ ಅದರ ಮುಂದಿನ ಚಿತ್ರದ ಆಟದ ಲೆಕ್ಕವನ್ನೂ ಏಕಕಾಲದಲ್ಲಿ ನಡೆಸಿದರು. ಹಳೆಯ ಬ್ಯಾಂಕಿನಲ್ಲಿ ಒಂದು ಚೆಕ್ಕಿಗೆ ಖಜಾಂಚಿ ಹಣ ಎಣಿಸುತ್ತಿರುವಾಗ ಎರಡನೆಯದು ಅಧಿಕಾರಿಯ ಮೇಜಿನ ಮೇಲೂ ಮೂರನೆಯದು ಲೆಡ್ಜರಿನ ಗುಮಾಸ್ತನ ಬಳಿಯೂ ಇರುತ್ತಿತ್ತಲ್ಲವೆ, ಹಾಗೆ. ಯಾವ ಒಂದು ಚೆಕ್ಕೂ ಇದರಿಂದ ಬೇಗ ಪಾಸಾಗದು. ಆದರೆ ಗಂಟೆಗೆ ಪಾಸಾಗುವ ಚೆಕ್ಕುಗಳು ಹೆಚ್ಚುತ್ತವೆ. ಆಟದಲ್ಲಿಯೂ ಈ ಏರ್ಪಾಡಿಗೆ ಬೆಲೆಯುಂಟು: ಗುಂಡಿ ಒತ್ತುವುದಕ್ಕೂ ಪರದೆಯ ಮೇಲೆ ಫಲ ಕಾಣುವುದಕ್ಕೂ ನಡುವೆ ಹಲವು ಹಂತಗಳು ಉಳಿಯುತ್ತವೆ. ಕಾರ್ಡಿಗೆ ಪಟ್ಟಿ ಕೊಡುವ ಕೆಲಸವನ್ನು ಹಲವು ಕೋರುಗಳು ಸುಲಭವಾಗಿ ಹಂಚಿಕೊಳ್ಳಲು ೨೦೧೫ರ ಡೈರೆಕ್ಟ್‌ಎಕ್ಸ್ ೧೨, ೨೦೧೬ರ ವಲ್ಕನ್ ಎಂಬ ಕ್ರಮಗಳೂ ಅನುವಾದವು.

ಇಷ್ಟೆಲ್ಲದರ ಫಲವೇನು? ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಹೋದಾಗ ಹೊಸ ಆಟಗಳಿಗೆ ನಿಜವಾದ ಲಾಭವಾಯಿತು. ಸರಾಸರಿ ಚಿತ್ರಸಂಖ್ಯೆ ಏರದಿದ್ದಲ್ಲಿಯೂ ನಡುನಡುವೆ ಬರುವ ತಡವರಿಕೆ ಕಡಿಮೆಯಾಯಿತು. ೨೦೧೭ರಲ್ಲಿ ಎಎಂಡಿ ಸಂಸ್ಥೆಯ ರೈಜನ್ ಬಂದಮೇಲೆ ಎಂಟು ಕೋರುಗಳು ಸಾಧಾರಣ ಮನೆಗಳಿಗೂ ಎಟುಕಿದವು. ೨೦೨೦ರ ಆಟದ ಪೆಟ್ಟಿಗೆಗಳಲ್ಲಿಯೂ ಎಂಟೇ ಇರುವುದರಿಂದ ಬರೆಯುವವರು ಅದನ್ನು ಗುರಿಯಾಗಿಟ್ಟುಕೊಂಡರು. ಎಂಟರಾಚೆಗೆ ಹೆಚ್ಚಿನ ಆಟಗಳಿಗೆ ದೊರೆಯುವುದು ಅತ್ಯಲ್ಪ. ಅದಕ್ಕೆ ಒಳ್ಳೆಯ ಸಾಕ್ಷಿ ೨೦೨೨ರ ಏಪ್ರಿಲಿನಲ್ಲಿ ಬಂದ ರೈಜನ್ ೫೮೦೦ಎಕ್ಸ್೩ಡಿ. ಕೋರುಗಳು ಎಂಟೇ, ಆದರೆ ಕೈಗೆ ಹತ್ತಿರದ ಸ್ಮೃತಿಕೋಶ ೩೨ ಮೆಗಾಬೈಟಿನಿಂದ ೯೬ಕ್ಕೆ ಏರಿತ್ತು. ಆಟಗಳಲ್ಲಿ ಅದು ತನ್ನದೇ ಕುಲದ ಹದಿನಾರು ಕೋರಿನ ಅಣ್ಣನನ್ನು ಎಷ್ಟೋ ಕಡೆ ಹಿಂದೆ ಹಾಕಿತು. ಗುಮಾಸ್ತರನ್ನು ಇಮ್ಮಡಿಸುವುದಕ್ಕಿಂತ, ಇದ್ದ ಗುಮಾಸ್ತನ ಮೇಜಿನ ಮೇಲೆಯೇ ಬೇಕಾದ ಲೆಡ್ಜರುಗಳನ್ನು ಇಟ್ಟುದು ಹೆಚ್ಚು ಫಲ ಕೊಟ್ಟಿತೆಂದಾಯಿತು.

ಇಷ್ಟು ಓದಿದ ಮೇಲೆ ಒಂದು ಭಾನುವಾರ ನಾವು ಡೊಂಬಿವಲಿಗೆ ಹೋಗಿ ಹುಡುಗನ ಪಕ್ಕದಲ್ಲಿ ಕುಳಿತೆವು. ಆಟ ನಡೆಯುತ್ತಿರುವಾಗ ಕೋರುಗಳ ದುಡಿಮೆಯನ್ನು ತೋರಿಸುವ ಪಟವನ್ನು ಅವನು ತೆರೆದ. ಒಂದು ಚೌಕದಲ್ಲಿ ಗೆರೆ ಎತ್ತರದಲ್ಲಿತ್ತು, ಕೆಲವು ಚೌಕಗಳಲ್ಲಿ ನಡುಮಟ್ಟದಲ್ಲಿತ್ತು, ಉಳಿದವುಗಳಲ್ಲಿ ನೆಲಕ್ಕಂಟಿತ್ತು. ಅನಂತರ ಪರದೆಯ ಚುಕ್ಕೆಗಳನ್ನು ೧೨೮೦ಕ್ಕೆ ೭೨೦ ಎಂಬ ಲೆಕ್ಕಕ್ಕೆ ಇಳಿಸಿದೆವು. ಬರೆಯಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗಿ ೯,೨೧,೬೦೦ಕ್ಕೆ ಬಂದವು. ಆಟ ತಟ್ಟನೆ ಹಗುರಾಗಿ ಓಡಿತು. ಎಂದರೆ ತಡೆ ಇದ್ದುದು ಕಾರ್ಡಿನಲ್ಲಿ. ಚುಕ್ಕೆಗಳನ್ನು ಇಳಿಸಿದರೂ ಓಟ ಹೆಚ್ಚದಿದ್ದರೆ ತಡೆ ಪ್ರೊಸೆಸರಿನಲ್ಲಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಈ ಪರೀಕ್ಷೆಗೆ ಒಂದು ಕಾಸೂ ಬೇಡ. ಹೊಸದೇನನ್ನಾದರೂ ಕೊಳ್ಳುವ ಮೊದಲು ಯಾರ ಮನೆಯಲ್ಲಾದರೂ ಮಾಡಿ ನೋಡಬಹುದು. "ತಪ್ಪು ನಮ್ಮದೇ" ಎಂದು ಅಣ್ಣನ ಎದುರಿಗೇ ಹುಡುಗನಿಗೆ ಹೇಳಿದೆವು. ಅವನು ನಕ್ಕು, "ಇರಲಿ ಬಿಡಿ ಚಿಕ್ಕಪ್ಪ, ಆಮ್ಡಾಲರ ಲೆಕ್ಕ ಇನ್ನೊಮ್ಮೆ ಹೇಳಿ" ಎಂದ. ಕಾಗದದ ಮೇಲೆ ಬರೆದು ಹೇಳಿದೆವು. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಓದುವಾಗ ಎಡವುವ ಆ ಹುಡುಗ, ನಾವು ಕನ್ನಡದಲ್ಲಿ ಬರೆದ ನಾಲ್ಕು ಸಾಲುಗಳನ್ನು ಬೆರಳಿಟ್ಟು ಓದಿದ.

ಕಂಪ್ಯೂಟರು ಕೊಳ್ಳಿಸಲಿರುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಕೋರೆಷ್ಟೆಂದು ಕೇಳುವ ಮೊದಲು ಕೆಲಸ ಯಾವುದೆಂದು ಕೇಳಿರಿ. ಆಟವೇ ಮುಖ್ಯವಾದರೆ ಆರರಿಂದ ಎಂಟು ಒಳ್ಳೆಯ ಕೋರುಗಳು ಇಂದಿಗೆ ಸಾಕು. ಉಳಿದ ಹಣ ಕಾರ್ಡಿಗೆ ಹೋಗಲಿ. ಹಂಚಲು ಬರುವ ಕೆಲಸವಾದರೆ ಹದಿನಾರೂ ಹೆಚ್ಚಲ್ಲ. ಇನ್ನೊಂದು ಮಾತು: ಹುಡುಗರು ಮೆಲ್ಲಗೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿರಿ.

ನಮ್ಮ ಹದಿನಾರು ಕೋರುಗಳು ವ್ಯರ್ಥವಾಗಲಿಲ್ಲವೆಂಬುದನ್ನೂ ತಿಳಿಸಬೇಕು. ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ವೇದಿಕೆ ಮೇಲೆ ನಡೆದ ಯಕ್ಷಗಾನದ ದೀರ್ಘ ಚಿತ್ರೀಕರಣವನ್ನು ಒಪ್ಪವಾಗಿ ಕತ್ತರಿಸಿ ಸದಸ್ಯರಿಗೆ ಕಳಿಸುವ ಕೆಲಸವನ್ನು ಆ ಹುಡುಗನೇ ವಹಿಸಿಕೊಂಡ. ಅಂತಿಮ ಪ್ರತಿ ಸಿದ್ಧವಾಗುತ್ತಿದ್ದಾಗ ಅವನು ನಮಗೆ ಫೋನು ಮಾಡಿ ಪಟವನ್ನು ತೋರಿಸಿದ. ಎಲ್ಲ ಚೌಕಗಳಲ್ಲಿಯೂ ಗೆರೆ ಮೇಲ್ಗಡೆಯೇ ಇತ್ತು. ಒಬ್ಬ ಗುಮಾಸ್ತನೂ ಸುಮ್ಮನೆ ಕುಳಿತಿರಲಿಲ್ಲ. ಆ ಚಿತ್ರವನ್ನು ನೋಡಿದ ವಾಚಕರು ಈಗ ಈ ಲೇಖನವನ್ನೂ ಓದಿದ್ದಾರೆ.